ಮಾತು ನಿಂತ ಮನೆಯಲ್ಲಿ ನಿಲ್ಲದ ಜಪ

॥ ಶ್ರೀ ಗುರುಭ್ಯೋ ನಮಃ ॥ ಹರಿಃ ಓಂ ॥

ಶ್ರಾವಣ ಬಹುಳ ದ್ವಿತೀಯಾ ಸಮೀಪಿಸಿತೆಂದರೆ ನಮ್ಮೆಲ್ಲರ ಮನಸ್ಸು ಮಂತ್ರಾಲಯದ ಕಡೆಗೆ ಹರಿಯುತ್ತದೆ. 1671ರಲ್ಲಿ ತುಂಗಭದ್ರಾತೀರದಲ್ಲಿ ಶ್ರೀರಾಘವೇಂದ್ರತೀರ್ಥರು ವೃಂದಾವನಪ್ರವೇಶ ಮಾಡಿದ ಪುಣ್ಯದಿನವದು. ಆರಾಧನೆಯ ಮೂರು ದಿನಗಳೂ ಶ್ರೀಗುರುರಾಯರ ಮಹಿಮೆಗಳನ್ನು ಶ್ರವಣ ಮಾಡುತ್ತೇವೆ. ಮಾಡಲೇಬೇಕು. ಆದರೆ ಮಹಿಮೆಯೆಂಬುದು ನಾವು ಬೇಡಿದಂತೆಯೇ ನಡೆಯಬೇಕೆಂಬ ಭಾವನೆ ಬೇರೂರಿತೆಂದರೆ, ನಮ್ಮ ಮನೆಯ ನಡುಮನೆಯಲ್ಲಿ ನಡೆಯುವುದು ಕಣ್ಣಿಗೆ ಬೀಳುವುದಿಲ್ಲ.

ಒಂದು ಮನೆಯ ಸಂಗತಿಯನ್ನು ಹೇಳುತ್ತೇನೆ. ಅದಕ್ಕೆ ಸಮಾನವಾದ ಮನೆ ನಿಮ್ಮ ಬಂಧುವರ್ಗದಲ್ಲಿಯೂ ಇದ್ದೀತು. ನಿತ್ಯವೂ ಪ್ರಾತಃಕಾಲದಲ್ಲಿ ಹರಿವಾಯುಸ್ತುತಿಯನ್ನು ಪಾರಾಯಣ ಮಾಡುತ್ತಿದ್ದ ವೃದ್ಧ ಯಜಮಾನರಿಗೆ ಪಾರ್ಶ್ವವಾಯು ಬಡಿಯಿತು; ಮಾತು ಹೋಯಿತು. ಔಷಧೋಪಚಾರ ನಡೆಯಿತು, ಹರಕೆ ಹೊತ್ತರು, ಸೇವೆ ಮಾಡಿಸಿದರು. ಮಾತು ಮರಳಲಿಲ್ಲ. “ನಮ್ಮ ಸೇವೆಯಲ್ಲಿ ಏನು ಲೋಪವಾಯಿತು?” ಎಂದು ಮಗನು ಕೇಳುತ್ತಾನೆ. ಬಂದುಹೋಗುವವರಲ್ಲಿ ಕೆಲವರು ಪ್ರಾರಬ್ಧವೆಂದು ಉತ್ತರ ಕೊಟ್ಟು ಹೋಗುತ್ತಾರೆ. ಪ್ರಾರಬ್ಧವೆಂಬುದು ಶಾಸ್ತ್ರಸಿದ್ಧವೇ ಸರಿ. ಆದರೆ ಅದು ತನ್ನ ಕಷ್ಟಕ್ಕೆ ತಾನು ಹೇಳಿಕೊಳ್ಳತಕ್ಕ ಮಾತು, ಪರರ ಹಾಸಿಗೆಯ ಬಳಿ ನಿಂತು ಆಡತಕ್ಕದ್ದಲ್ಲ.

ಛಾಂದೋಗ್ಯೋಪನಿಷತ್ತಿನ 5ನೆಯ ಅಧ್ಯಾಯದ ಕಥೆಯನ್ನು ಇಲ್ಲಿ ಸ್ಮರಿಸಬೇಕು. ತಮ್ಮಲ್ಲಿ ಶ್ರೇಷ್ಠರು ಯಾರೆಂದು ಇಂದ್ರಿಯಾಭಿಮಾನಿಗಳಾದ ದೇವತೆಗಳಿಗೂ ಮುಖ್ಯಪ್ರಾಣನಿಗೂ ವಿವಾದ ಬಂದಿತು. ಮೊದಲು ವಾಕ್ಕು ದೇಹವನ್ನು ಬಿಟ್ಟು ಒಂದು ಸಂವತ್ಸರ ಹೊರಗಿದ್ದು ಬಂದು ನೋಡಿತು. ದೇಹವು ಬಿದ್ದಿರಲಿಲ್ಲ, ಮೂಕನು ಬದುಕುವಂತೆ ಬದುಕಿತ್ತು. ಕಣ್ಣು, ಕಿವಿ, ಮನಸ್ಸುಗಳು ಹೋದಾಗಲೂ ಹಾಗೆಯೇ ಆಯಿತು. ಕಡೆಗೆ ಪ್ರಾಣನು ಹೊರಡಲು ಅನುವಾದಾಗ, ಉತ್ತಮಾಶ್ವವು ಕಾಲಿಗೆ ಕಟ್ಟಿದ ಗೂಟಗಳನ್ನು ಕಿತ್ತೊಯ್ಯುವಂತೆ ಉಳಿದವರೆಲ್ಲ ಕಿತ್ತುಬರತೊಡಗಿದರು. ನೀನೇ ನಮ್ಮಲ್ಲಿ ಶ್ರೇಷ್ಠ, ಹೊರಡಬೇಡವೆಂದು ಬೇಡಿಕೊಂಡರು.

ಆ ಪ್ರಾಣದೇವರು ಶ್ರೀಹರಿಯ ಆಜ್ಞೆಯಂತೆ ಪ್ರತಿಯೊಬ್ಬ ಜೀವನಲ್ಲಿಯೂ ನಿಂತು ಅಹೋರಾತ್ರಿಯಲ್ಲಿ 21,600 ಬಾರಿ ಹಂಸಮಂತ್ರಜಪ ಮಾಡುತ್ತಾರೆಂದು ನಮ್ಮ ಸಂಪ್ರದಾಯ. ಲೆಕ್ಕ ಹಾಕಿರಿ: ಗಂಟೆಗೆ 900, ನಿಮಿಷಕ್ಕೆ 15. ವಿಶ್ರಾಂತಿಯಲ್ಲಿರುವ ವಯಸ್ಕನ ಉಸಿರು ನಿಮಿಷಕ್ಕೆ 12ರಿಂದ 20 ಎಂದು ವೈದ್ಯರೂ ಎಣಿಸುತ್ತಾರೆ. ನಾವು ಜಪಮಣಿಯನ್ನು ಹಿಡಿದು ತೂಕಡಿಸುತ್ತೇವೆ, ಲೆಕ್ಕ ತಪ್ಪುತ್ತೇವೆ. ಆ ಜಪಕ್ಕೆ ನಿದ್ದೆಯ ಅಡ್ಡಿಯಿಲ್ಲ, ಮೈಲಿಗೆಯ ಅಡ್ಡಿಯಿಲ್ಲ. ನಾಲಗೆ ಕಟ್ಟಿದವನ ಎದೆಯಲ್ಲಿಯೂ ಒಂದು ಮಣಿ ಕಡಿಮೆಯಾಗುವುದಿಲ್ಲ.

ಇದನ್ನು ಮಗನಿಗಿಂತ ಮೊದಲು ಕಂಡವರು ಆ ಮನೆಯ ಹಿರಿಯ ತಾಯಿ. “ಇವರು ಹೇಳುತ್ತಿಲ್ಲ, ನಿಜ. ಇವರ ಒಳಗೆ ಕುಳಿತು ಹೇಳುವವನು ನಿಲ್ಲಿಸಿದ್ದಾನೇನಪ್ಪ?” ಎಂದು ಒಂದು ದಿನ ಮಗನನ್ನು ಕೇಳಿದರು. ಅವನು ಉತ್ತರಿಸಲಿಲ್ಲ. ಆದರೆ ಅಂದು ರಾತ್ರಿ ತಂದೆಯ ಪಕ್ಕದಲ್ಲಿಯೇ ಮಲಗಿದನು.

ಸೊಸೆಯ ಮಾತನ್ನು ಹೇಳದೆ ಬಿಡಬಾರದು. ಮಡಿಯ ಕೆಲಸಗಳ ನಡುವೆ ಆಕೆ ಮಾವನವರಿಗಾಗಿ ಅನ್ನವನ್ನು ನುಣ್ಣಗೆ ಮಸೆದು, ಗಂಟಲಿಗೆ ಸಿಕ್ಕದಂತೆ ಅರ್ಧ ಚಮಚ, ಅರ್ಧ ಚಮಚವಾಗಿ ಉಣ್ಣಿಸುತ್ತಾಳೆ. ಒಂದು ತುತ್ತು ಇಳಿಯುವವರೆಗೆ ಮುಂದಿನದನ್ನು ಎತ್ತುವುದಿಲ್ಲ. ಆಕೆ ಒಲೆಯ ಮೇಲೆ ಬೇಯಿಸಿದ ಅನ್ನವನ್ನು ವೈಶ್ವಾನರನು ಒಳಗೆ ಮತ್ತೆ ಪಚನ ಮಾಡುತ್ತಾನೆ. ಗೀತೆಯ 15ನೆಯ ಅಧ್ಯಾಯದಲ್ಲಿ ಭಗವಂತನು ತನ್ನ ಈ ಕೆಲಸವನ್ನು ತಾನೇ ಹೇಳಿಕೊಂಡಿದ್ದಾನೆ. ಆರಾಧನೆಯ ಅಲಂಕಾರಬ್ರಾಹ್ಮಣರಿಗೆ ನಾವು ಎಷ್ಟು ಆದರದಿಂದ ಬಡಿಸುತ್ತೇವೆಯೋ ಅಷ್ಟೇ ಆದರ ಆ ಅರ್ಧ ಚಮಚದಲ್ಲಿದೆ.

ಈಚೆಗೆ ಮತ್ತೊಂದು ಸಂಗತಿ ನಡೆಯಿತು. ಸಂಜೆ ದೀಪ ಹಚ್ಚಿ ತಾಯಿ ದೇವರನಾಮ ಹಾಡುತ್ತಿರಲು, ಒಂದು ಪದವನ್ನೂ ಆಡಲಾರದ ಯಜಮಾನರು ಪಲ್ಲವಿಗೆ ದನಿಗೂಡಿಸಿದರು. ಮಾತು ಹೋದವರಿಗೂ ರೂಢಿಯ ಹಾಡು ಕೆಲವೊಮ್ಮೆ ಉಳಿದಿರುತ್ತದೆ, ಮೆದುಳಿನ ಎಡಭಾಗಕ್ಕೆ ಪೆಟ್ಟಾದಾಗ ಇದನ್ನು ಕಂಡಿದ್ದೇವೆ ಎಂದು ವೈದ್ಯರು ಹೇಳುತ್ತಾರೆ. ಹೇಳಲಿ. ಹಾಡನ್ನು ಅಲ್ಲಿ ಉಳಿಸಿದವನು ಯಾರೆಂಬುದು ನಮಗೆ ಗೊತ್ತು. ಈಗ ನಿತ್ಯವೂ ಆ ತಾಯಿ ಪಲ್ಲವಿಯ ಮೊದಲನೆಯ ಪದವನ್ನು ಮಾತ್ರ ಹೇಳಿ ನಿಲ್ಲಿಸುತ್ತಾರೆ. ಯಜಮಾನರು ಒಂದು ಉಸಿರು ತೆಗೆದುಕೊಂಡು ಮುಂದಿನದನ್ನು ಹಿಡಿಯುತ್ತಾರೆ. ಸೊಸೆ ಚಮಚವನ್ನು ತಟ್ಟೆಯಲ್ಲಿಟ್ಟು, ಚರಣ ಮುಗಿಯುವವರೆಗೆ ಬಾಗಿಲಲ್ಲಿ ಕಾಯುತ್ತಾಳೆ.

॥ ಶ್ರೀಕೃಷ್ಣಾರ್ಪಣಮಸ್ತು ॥