ಸೂರಿಲ್ಲದವರ ಹಕ್ಕು

ರಾತ್ರಿ ಕೊನೆಯ ಬಸ್ಸಿನಲ್ಲಿ ಬಂದು ನಂಜನಗೂಡಿನಲ್ಲಿ ಇಳಿದು ಮನೆಯ ಕಡೆಗೆ ನಡೆಯುವಾಗ ನೀವು ಅವರನ್ನು ಖಂಡಿತ ಕಂಡಿರುತ್ತೀರಿ. ಬಸ್ ನಿಲ್ದಾಣದ ಮೂಲೆಯಲ್ಲಿ, ಬಾಗಿಲು ಮುಚ್ಚಿದ ಅಂಗಡಿಗಳ ಜಗಲಿಯ ಮೇಲೆ, ಕಪಿಲೆಯ ಸ್ನಾನಘಟ್ಟದ ಹತ್ತಿರ, ಹರಿದ ಸೀರೆಯನ್ನೋ ಗೋಣಿಯನ್ನೋ ತಲೆಯವರೆಗೆ ಎಳೆದುಕೊಂಡು ಮಲಗಿದವರು. ತಿ. ನರಸೀಪುರದಲ್ಲಿ ಸಂಗಮದ ಕಡೆಗೆ ಹೋದರೂ ಇದೇ ನೋಟ. ಸೊಳ್ಳೆಯ ಕಾಟಕ್ಕಾಗಿ ಮುಸುಕು ಹಾಕಿಕೊಳ್ಳುತ್ತಾರೆಂದು ನಾನು ಬಹುಕಾಲ ತಿಳಿದಿದ್ದೆ. ಸೊಳ್ಳೆಗಿಂತ ಹೆಚ್ಚಾಗಿ ನಮ್ಮ ನೋಟಕ್ಕೆ ಅವರು ಅಂಜುತ್ತಾರೆಂಬುದು ನನಗೆ ಹೊಳೆದದ್ದು ತಡವಾಗಿ.

ನಮ್ಮ ಕನ್ನಡದಲ್ಲಿ ‘ಮನೆಮಠ ಇಲ್ಲದವನು’ ಎಂಬ ಮಾತಿದೆ. ಸ್ವಂತ ಮನೆಯಿಲ್ಲದವನಿಗೆ ಊರಿನ ಮಠವೋ ಛತ್ರವೋ ಇದ್ದೇ ಇರುತ್ತದೆ, ಅದೂ ಇಲ್ಲದವನೇ ನಿಜವಾದ ನಿರ್ಗತಿಕ ಎಂಬ ತಿಳಿವಳಿಕೆ ಆ ಮಾತಿನೊಳಗೆ ಅಡಗಿದೆ. ಮನೆ ಕಟ್ಟಿಕೊಳ್ಳುವುದು ಮನುಷ್ಯನ ಪಾಡು, ಮಠವನ್ನು ತೆರೆದಿಡುವುದು ಊರಿನ ಪಾಡು. ಅರಬಿ ಭಾಷೆಯಲ್ಲಿಯೂ ವಾಸಸ್ಥಾನಕ್ಕೆ ‘ಮಸ್ಕನ್’ ಎನ್ನುತ್ತಾರೆ, ಮನಶ್ಶಾಂತಿಗೆ ‘ಸಕೀನತ್’, ದಿಕ್ಕಿಲ್ಲದ ಬಡವನಿಗೆ ‘ಮಿಸ್ಕೀನ್’. ಮೂರಕ್ಕೂ ಧಾತು ಒಂದೇ. ಮಕ್ಕಳಿಗೆ ವ್ಯಾಕರಣ ಪಾಠ ಮಾಡುವಾಗ ಇದನ್ನು ಎಷ್ಟೋ ಸಲ ಹೇಳಿದ್ದೇನೆ, ಅದರ ಅರ್ಥ ಮಾತ್ರ ತಟ್ಟಿರಲಿಲ್ಲ.

ಈಗ ಪ್ರಶ್ನೆಗೆ ಬರೋಣ. ಸೂರಿಲ್ಲದವನಿಗೆ ಸೂರು ಕೊಡುವುದು ನಮ್ಮ ಔದಾರ್ಯವೋ, ನಾವು ತೀರಿಸಬೇಕಾದ ಸಾಲವೋ? ಔದಾರ್ಯವಾದರೆ ಮನಸ್ಸು ಬಂದಾಗ ಕೊಡಬಹುದು, ಬಾರದಿದ್ದರೆ ಸುಮ್ಮನಿರಬಹುದು. ಸಾಲವಾದರೆ ಹಾಗಲ್ಲ.

ಸ್ಪೈನಿನ ಕೊರ್ದೋವಾದಲ್ಲಿ ಕ್ರಿ.ಶ. 994ರಲ್ಲಿ ಜನಿಸಿದ ಇಮಾಮ್ ಇಬ್ನ್ ಹಝ್ಮ್ ತಮ್ಮ ‘ಅಲ್ ಮುಹಲ್ಲಾ’ ಗ್ರಂಥದಲ್ಲಿ ಇದನ್ನು ಚರ್ಚಿಸಿದ್ದಾರೆ. ಪ್ರತಿಯೊಂದು ಊರಿನ ಶ್ರೀಮಂತರು ತಮ್ಮ ಊರಿನ ಬಡವರ ನಿರ್ವಹಣೆಗೆ ಬದ್ಧರು. ಝಕಾತ್ ಸಾಲದಿದ್ದರೆ ಅಧಿಕಾರಸ್ಥರು ಅವರನ್ನು ಬಲವಂತದಿಂದಲಾದರೂ ಕೊಡುವಂತೆ ಮಾಡಬೇಕು ಎಂಬುದು ಅವರ ನಿಲುವು. ಏನು ಕೊಡಬೇಕೆಂಬುದನ್ನೂ ಅವರು ಗುರುತಿಸಿದ್ದಾರೆ. ಹೊಟ್ಟೆಗೆ ಆಹಾರ, ಚಳಿಗೂ ಸೆಕೆಗೂ ಒಗ್ಗುವ ಉಡುಪು, ಆಮೇಲೆ ಮಳೆಯಿಂದಲೂ ಬಿಸಿಲಿನಿಂದಲೂ ಹಾದಿಹೋಕರ ಕಣ್ಣುಗಳಿಂದಲೂ ಕಾಪಾಡುವ ಒಂದು ವಸತಿ. ಝಕಾತ್ ಕೊಟ್ಟ ಮೇಲೆ ಸಂಪತ್ತಿನಲ್ಲಿ ಬೇರೆ ಕಡ್ಡಾಯ ಹಕ್ಕಿಲ್ಲ ಎಂದ ವಿದ್ವಾಂಸರೂ ಇದ್ದಾರೆ. ಈ ಭಿನ್ನಾಭಿಪ್ರಾಯವನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಹಾದಿಹೋಕರ ಕಣ್ಣು ಎಂಬ ಆ ಒಂದು ಮಾತು ನನ್ನನ್ನು ಬಿಡುತ್ತಿಲ್ಲ.

ತಾಯಂದಿರೇ, ಸಹೋದರಿಯರೇ, ಬಟ್ಟೆ ಬದಲಾಯಿಸಲು ಒಂದು ಬಾಗಿಲೂ ಇಲ್ಲದ ದಿನವನ್ನು ಸ್ವಲ್ಪ ಊಹಿಸಿಕೊಳ್ಳಿ. ಪರ್ದಾದ ಮಹತ್ವದ ಕುರಿತು ನಾವು ಎಷ್ಟು ಪ್ರವಚನಗಳನ್ನು ಕೇಳಿದ್ದೇವೆ! ಬಸ್ ನಿಲ್ದಾಣದಲ್ಲಿ ರಾತ್ರಿ ಕಳೆಯುವ ಹೆಣ್ಣಿಗೆ ಮರೆಯಾಗಿ ನಿಲ್ಲಲು ಗೋಡೆಯೇ ಇಲ್ಲವಲ್ಲ, ಅವಳ ಮಾನದ ಹೊಣೆ ಯಾರದು? ನಾವು ಶುಕ್ರವಾರ ಅವಳಿಗೆ ಒಂದು ಪೊಟ್ಟಣ ಬಿರಿಯಾನಿ ಕೊಟ್ಟು ಸಮಾಧಾನಪಡುತ್ತೇವೆ. ಅವಳು ಅದನ್ನು ಎಲ್ಲರ ಎದುರಿನಲ್ಲಿಯೇ ತಿನ್ನಬೇಕು.

ಸರಕಾರ ಏನೂ ಮಾಡಿಲ್ಲವೆಂದರೆ ತಪ್ಪಾದೀತು. 2011ರ ಜನಗಣತಿಯಲ್ಲಿ ಫೆಬ್ರವರಿ 28ರ ರಾತ್ರಿ ಮನೆಯಿಲ್ಲದವರನ್ನು ಪ್ರತ್ಯೇಕವಾಗಿ ಎಣಿಸಲಾಯಿತು. ದೇಶದಲ್ಲಿ 17 ಲಕ್ಷಕ್ಕೂ ಹೆಚ್ಚು ಮಂದಿ ಸಿಕ್ಕಿದರು. ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ, ದಿನದ 24 ಗಂಟೆಯೂ ತೆರೆದಿರುವ ಆಶ್ರಯ ತಾಣ ಇರಬೇಕೆಂದು 2010ರಲ್ಲಿ ಸುಪ್ರೀಂ ಕೋರ್ಟು ಆದೇಶಿಸಿತ್ತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನವೂ ಲಕ್ಷಕ್ಕೆ ನೂರು ಜನರ ಲೆಕ್ಕವನ್ನೇ ಹಿಡಿದು, ತಲೆಗೆ 50 ಚದರಡಿ ಜಾಗ ಎಂದು ನಿಗದಿಪಡಿಸಿತು. 2011ರಲ್ಲಿ ನಂಜನಗೂಡಿನ ಜನಸಂಖ್ಯೆ 50 ಸಾವಿರದ ಆಸುಪಾಸು, ತಿ. ನರಸೀಪುರದ್ದು ಅದಕ್ಕಿಂತಲೂ ಕಡಿಮೆ. ಲಕ್ಷದ ಲೆಕ್ಕದಲ್ಲಿ ನಮ್ಮ ಪಾಲಿಗೆ ಒಂದು ಪೂರ್ತಿ ಕಟ್ಟಡವೂ ಬಾರದು! ಯಾತ್ರಾಸ್ಥಳಗಳಿಗೆ ಈ ಗಣಿತ ಹೊಂದುವುದಿಲ್ಲ. ಟಿಪ್ಪು ಸುಲ್ತಾನನ ಆನೆಯ ಕಣ್ಣು ಇಲ್ಲಿ ಗುಣವಾಗಿ, ಆತ ‘ಹಕೀಮ್ ನಂಜುಂಡ’ ಎಂದು ಕರೆದನೆಂಬ ಪ್ರತೀತಿಯಿರುವ ಊರು ಇದು. ಕಾಯಿಲೆ ವಾಸಿಯಾಗುವ ಆಸೆಯಿಂದ ದೂರದೂರದಿಂದ ಬರುವವರಿಗೆ ಕೊನೆಯಿಲ್ಲ. ಬಂದವರಲ್ಲಿ ಕೆಲವರು ಹಿಂದಿರುಗುವುದೇ ಇಲ್ಲ.

ಇನ್ನೊಂದು ಸಂಗತಿ. ನಾವು ನಗರಸಭೆಗೋ ಪುರಸಭೆಗೋ ಆಸ್ತಿ ತೆರಿಗೆ ಕಟ್ಟುವಾಗ ಅದರ ಮೇಲೆ ಶೇ. 3ರಷ್ಟು ಭಿಕ್ಷುಕರ ಉಪಕರವನ್ನೂ ಕಟ್ಟುತ್ತೇವೆ. 1975ರ ಭಿಕ್ಷಾಟನೆ ನಿಷೇಧ ಕಾಯಿದೆಯಿಂದ ಬಂದದ್ದು ಇದು. ಅದೇ ಕಾಯಿದೆಯು ಬೇಡುವವರನ್ನು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಸಾಗಿಸುವ ಅಧಿಕಾರವನ್ನೂ ಕೊಡುತ್ತದೆ. ಬೆಂಗಳೂರಿನ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ಕೆಲವೇ ದಿನಗಳಲ್ಲಿ ಅನೇಕರು ಸತ್ತದ್ದು ನಿಮಗೆ ನೆನಪಿರಬಹುದು. ಮಳೆ ಬಿಸಿಲುಗಳಿಂದ ಕಾಪಾಡುವ ಮಾಡು ಅಲ್ಲಿಯೂ ಇತ್ತು. ಬಾಗಿಲಿನ ಚಿಲಕ ಹೊರಗಡೆಯಿದ್ದರೆ ಅದನ್ನು ಮನೆಯೆನ್ನಲಾದೀತೇ?

ಹಾಗೆಂದು ನಮ್ಮ ಊರುಗಳಿಗೆ ಶಕ್ತಿಯಿಲ್ಲವೆಂದಲ್ಲ. 1989ರಿಂದ ತಿ. ನರಸೀಪುರದ ಸಂಗಮದಲ್ಲಿ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಸುವ ಪದ್ಧತಿಯಿದೆ. 2025ರ ಫೆಬ್ರವರಿಯಲ್ಲಿ ಮೂರು ದಿನ ನಡೆಯಿತು. ಅಷ್ಟೊಂದು ಜನರಿಗೆ ನೀರು, ನೆರಳು, ಶೌಚಾಲಯಗಳನ್ನು ಹೊಂದಿಸಬಲ್ಲ ಊರಿಗೆ ಕೆಲವೇ ಮಂದಿ ನಿರ್ಗತಿಕರು ಭಾರವೇ? 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿದಾಗ ಸ್ನಾನಘಟ್ಟದ ಹದಿನಾರು ಕಾಲು ಮಂಟಪ ಮುಳುಗಿತು, ಮಲ್ಲನಮೂಲೆಯ ಬಳಿ ಮೈಸೂರು ರಸ್ತೆ ಬಂದ್ ಆಯಿತು, ತಗ್ಗಿನ ಬೀದಿಗಳ ಜನರಿಗೆ ಪರಿಹಾರ ಕೇಂದ್ರಗಳು ತೆರೆದವು. ರಾಜ್ಯ ಸರಕಾರವು ತುರ್ತು ಪರಿಹಾರವಾಗಿ 10 ಸಾವಿರ ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. ಒಳ್ಳೆಯದೇ. ಆದರೆ ನದಿಯ ದಂಡೆಯೇ ಮನೆಯಾಗಿದ್ದವರು ಯಾವ ಅರ್ಜಿಯಲ್ಲಿ ಏನೆಂದು ಬರೆಯಬೇಕಿತ್ತು? ಬೀಳಲು ಅವರಿಗೆ ಮನೆಯೇ ಇರಲಿಲ್ಲ.

ಇಷ್ಟು ಬರೆದ ಮೇಲೆ ನಮ್ಮದೇ ಮಸೀದಿಯ ವಿಷಯ ಹೇಳದಿದ್ದರೆ ಅಪ್ರಾಮಾಣಿಕತೆಯಾದೀತು. ಈ ಎರಡು ಊರುಗಳಲ್ಲಿ ಒಂದರಲ್ಲಿದೆ, ಹೆಸರು ಬೇಡ. ಅದರ ವರಾಂಡದಲ್ಲಿ, ವುಝೂ ಮಾಡುವ ಜಾಗದ ಪಕ್ಕ, ಒಬ್ಬ ಮುದುಕರು ಮಲಗುತ್ತಿದ್ದರು. ಒಂದು ದಿನ ಮಸೀದಿಯ ಆಂಪ್ಲಿಫೈಯರ್ ಕಳವಾಯಿತು. ಅವರೇ ಕದ್ದರೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕಮಿಟಿಯ ಸಭೆಯಲ್ಲಿ ವರಾಂಡಕ್ಕೆ ಕಬ್ಬಿಣದ ಗ್ರಿಲ್ ಹಾಕಿ, ಇಶಾ ನಮಾಝ್ ಮುಗಿದೊಡನೆ ಬೀಗ ಹಾಕಬೇಕೆಂದು ತೀರ್ಮಾನವಾಯಿತು. ಕೈ ಎತ್ತಿದವರಲ್ಲಿ ನಾನೂ ಒಬ್ಬ. ಮರುದಿನದಿಂದ ಅವರು ವರಾಂಡಕ್ಕೆ ಬರಲಿಲ್ಲ. ಅವರ ಹೆಸರನ್ನು ನಮ್ಮಲ್ಲಿ ಯಾರೂ ಕೇಳಿಟ್ಟಿರಲಿಲ್ಲ. ಕದ್ದವರು ಯಾರೆಂದು ಈವರೆಗೂ ತಿಳಿದಿಲ್ಲ.

ಕೆಲವು ತಿಂಗಳುಗಳ ಬಳಿಕ ಮಕ್ಕಳಿಗೆ ಬುಖಾರಿಯಲ್ಲಿ ಬರುವ ಒಂದು ಘಟನೆಯನ್ನು ಹೇಳುತ್ತಿದ್ದೆ. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಒಬ್ಬ ಕಪ್ಪು ಮಹಿಳೆ ಒಂದು ಅರಬ್ ಗೋತ್ರದವರ ಜೊತೆಗಿದ್ದಳು. ಆ ಮನೆಯ ಹುಡುಗಿಯ ಕೆಂಪು ಚರ್ಮದ ಪಟ್ಟಿಯನ್ನು ಮಾಂಸವೆಂದು ಭಾವಿಸಿ ಹದ್ದೊಂದು ಎತ್ತಿಕೊಂಡು ಹೋಯಿತು. ಕಳವಿನ ಆರೋಪ ಆ ಬಡಪಾಯಿಯ ಮೇಲೆ ಬಂತು. ಮೈಯನ್ನೂ ಬಿಡದೆ ಶೋಧಿಸಿದರು. ಅಷ್ಟರಲ್ಲಿ ಹದ್ದು ಅದನ್ನು ಅವರ ನಡುವೆಯೇ ಬೀಳಿಸಿತು. ಅವಳು ಅಲ್ಲಿಂದ ಹೊರಟು ಪ್ರವಾದಿವರ್ಯರ(ಸ) ಸನ್ನಿಧಿಗೆ ಬಂದು ಇಸ್ಲಾಮ್ ಸ್ವೀಕರಿಸಿದಳು. ಅವಳ ವಾಸಕ್ಕೆ ಮಸೀದಿಯೊಳಗೇ ಒಂದು ಗುಡಾರವಿತ್ತು. ಹ. ಆಯಿಶಾ(ರ) ಅವರ ಬಳಿಗೆ ಬಂದು ಕೂತು ಮಾತನಾಡುತ್ತಿದ್ದಳು.

“ಹಜ್ರತ್, ಹಾಗಾದರೆ ನಮ್ಮ ಮಸೀದಿಗೆ ಬೀಗ ಯಾಕೆ?” ಎಂದು ಹಿಂದಿನ ಸಾಲಿನ ಹುಡುಗನೊಬ್ಬ ಕೇಳಿದ. ನಾನು ಪುಟ ತಿರುಗಿಸಿ ಮುಂದಿನ ಪಾಠಕ್ಕೆ ಹೋದೆ.

ಗಮನಿಸಿ, ಮದೀನಾದ ಮಸೀದಿಯಲ್ಲಿ ಮನೆಮಾರಿಲ್ಲದವರಿಗಾಗಿ ‘ಸುಫ್ಫಾ’ ಎಂಬ ನೆರಳಿನ ಜಗಲಿ ಇತ್ತೆಂಬುದು ನಮಗೆಲ್ಲ ಗೊತ್ತು. ಆದರೆ ಈ ಮಹಿಳೆಗೆ ಗುಡಾರವಿತ್ತು, ಅಂದರೆ ಮರೆಯಿತ್ತು. ಊರಿನ ಕಣ್ಣು ತನ್ನ ಮೈಯನ್ನೇ ಶೋಧಿಸಿದ್ದನ್ನು ಅನುಭವಿಸಿ ಬಂದವಳಿಗೆ ಸಿಕ್ಕಿದ್ದು ಅದು.

“ಕುಡುಕರು ಬಂದರೆ? ಬಂದವರು ಹೋಗದೇ ಇದ್ದರೆ? ಬೇರೆ ಧರ್ಮದವರಾದರೆ?” ಎಂದು ಕೇಳುವವರಿದ್ದಾರೆ. ಮೊದಲ ಎರಡು ಪ್ರಶ್ನೆಗಳು ನ್ಯಾಯವಾದವೇ. ಒಬ್ಬ ಕಾವಲುಗಾರ, ಒಂದು ಹಾಜರಿ ಪುಸ್ತಕ, ಹೆಂಗಸರಿಗೆ ಬೇರೆಯೇ ಬಾಗಿಲು, ಇವಿಲ್ಲದೆ ತೆರೆಯಬಾರದು. ಮೂರನೆಯದಕ್ಕೆ ಹ. ಉಮರ್(ರ) ಉತ್ತರಿಸಿಬಿಟ್ಟಿದ್ದಾರೆ. ಬೇಡುತ್ತಿದ್ದ ಕುರುಡ ಯಹೂದಿ ವೃದ್ಧನನ್ನು ಕೈಹಿಡಿದು ತಮ್ಮ ಮನೆಗೆ ಕರೆದೊಯ್ದು, ಆಮೇಲೆ ಸಾರ್ವಜನಿಕ ಖಜಾನೆಯಿಂದ ನೆರವು ಕೊಡಿಸಿದರೆಂದು ಇಮಾಮ್ ಅಬೂ ಯೂಸುಫ್ ‘ಕಿತಾಬುಲ್ ಖರಾಜ್’ನಲ್ಲಿ ದಾಖಲಿಸಿದ್ದಾರೆ.

ನಮ್ಮ ಮಸೀದಿಯ ಹಿಂದೆ ಹಿರಿಯರು ಮುಸಾಫಿರಖಾನೆಗೆಂದು ಕಟ್ಟಿಸಿದ ಕೋಣೆಯೊಂದಿದೆ. ಈಗ ಅದು ಪ್ಲೈವುಡ್ ಗೋದಾಮು. ತಿಂಗಳ ಬಾಡಿಗೆ 2,500 ರೂಪಾಯಿ ಮುಅಝ್ಝಿನರ ಸಂಬಳಕ್ಕೆ ಹೋಗುತ್ತದೆ. ಕಳೆದ ಸಭೆಯಲ್ಲಿ ನಾನು ಆ ಕೋಣೆಯ ವಿಷಯ ಎತ್ತಿದೆ. ಮುತವಲ್ಲಿ ಸಾಹೇಬರು ಸಿಟ್ಟಾಗಲಿಲ್ಲ. “ಮೌಲಾನಾ, ಆ ಹಣ ಎಲ್ಲಿಂದ ತರೋಣ, ನೀವೇ ಹೇಳಿ” ಎಂದರು. ನಮ್ಮ ಹನಫಿ ಉಲಮಾಗಳ ಪ್ರಕಾರ ಝಕಾತ್ ಹಣ ಬಡವನ ಕೈಗೇ ಸೇರಬೇಕು, ಕಟ್ಟಡಕ್ಕೂ ಸಂಬಳಕ್ಕೂ ಸಲ್ಲದು. ಆದುದರಿಂದ ಸದಕಾ ರೂಪದಲ್ಲಿ ತಿಂಗಳಿಗೆ ಇನ್ನೂರರಂತೆ ಕೊಡಲು ಹದಿಮೂರು ಮನೆಗಳು ಬೇಕು. ಐದು ಮನೆಯವರು ಒಪ್ಪಿದ್ದಾರೆ. ಗೋದಾಮಿನ ಕರಾರು ಮುಗಿಯಲು ಇನ್ನು ನಾಲ್ಕು ತಿಂಗಳಿದೆ.