ಉಂಡ ಮನೆ ಯಾವುದು?

2025ರ ನವೆಂಬರ್ 30ರ ಭಾನುವಾರ ಅಮೆರಿಕದ ಮಿಸಿಸಿಪಿ ರಾಜ್ಯದ ಆಕ್ಸ್‌ಫರ್ಡ್ ಎಂಬ ಸಣ್ಣ ಊರಿನ ಜನ ವಿಮಾನ ನಿಲ್ದಾಣದ ಬೇಲಿಗೆ ಹೋಗಿ ನಿಂತು ಒಬ್ಬ ಕೋಚನ್ನು ಬೈದು ಕಳಿಸಿದರು. ಹೊರಟಿದ್ದವರು ಲೇನ್ ಕಿಫಿನ್. ಆ ಊರಿನ ಮಿಸಿಸಿಪಿ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡವನ್ನು ಆರು ಋತು ನಡೆಸಿದವರು. ಜನರ ಬಾಯಲ್ಲಿ ಆ ವಿಶ್ವವಿದ್ಯಾಲಯದ ಹೆಸರು ಓಲ್ ಮಿಸ್. ಕಿಫಿನ್ ಹೋದದ್ದು ಪಕ್ಕದ ಲೂಯಿಸಿಯಾನಾದ ಎಲ್‌ಎಸ್‌ಯು ಎಂಬ ವಿಶ್ವವಿದ್ಯಾಲಯಕ್ಕೆ, ಏಳು ವರ್ಷದ ಕರಾರಿಗೆ, ವರ್ಷಕ್ಕೆ ಸುಮಾರು 1 ಕೋಟಿ 30 ಲಕ್ಷ ಡಾಲರ್ ಸಂಬಳಕ್ಕೆ. ಊರಿನ ಸಿಟ್ಟು ಬರೀ ಸಂಬಳದ ಮೇಲಿರಲಿಲ್ಲ. ಆ ಋತುವಿನಲ್ಲಿ ತಂಡ ಹನ್ನೊಂದು ಆಟ ಗೆದ್ದು ಒಂದನ್ನಷ್ಟೇ ಸೋತಿತ್ತು. ಹನ್ನೆರಡು ತಂಡಗಳ ರಾಷ್ಟ್ರೀಯ ಪ್ಲೇಆಫ್‌ಗೆ ತನ್ನ ಚರಿತ್ರೆಯಲ್ಲೇ ಮೊದಲ ಸಲ ಕಾಲಿಡುವುದಿತ್ತು. ಪ್ಲೇಆಫ್ ಮುಗಿಯುವವರೆಗೆ ತಂಡವನ್ನು ತಾನೇ ನಡೆಸುತ್ತೇನೆ ಎಂದು ಕಿಫಿನ್ ಕೇಳಿದರು, ವಿಶ್ವವಿದ್ಯಾಲಯ ಒಪ್ಪಲಿಲ್ಲ.

ಅಂದಿನಿಂದ ನನಗೆ ಮತ್ತೆ ಮತ್ತೆ ನೆನಪಾಗುತ್ತಿರುವುದು ನಮ್ಮ ಹಳೆಯ ಗಾದೆ: ಉಂಡ ಮನೆಯ ಜಂತೆ ಎಣಿಸಬಾರದು.

ಬೇಲಿಯ ಬಳಿ ಕೂಗಿದವರ ಮಾತಿನ ಸಾರವೂ ಹೆಚ್ಚುಕಡಿಮೆ ಇದೇ. ಆದರೆ ಗಾದೆಯನ್ನು ಒಬ್ಬ ಮನುಷ್ಯನ ಮುಖಕ್ಕೆ ಎಸೆದು ಕೈತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಕೋಚ್ ಉಂಡದ್ದು ಯಾರ ಮನೆಯಲ್ಲಿ ಎಂಬುದು ಮೊದಲು ತೀರ್ಮಾನವಾಗಬೇಕು. ಅದನ್ನು ಕೇಳದೆ ಗಾದೆ ಹೇಳುವವರು ತಪ್ಪು ಮನೆಯ ಪರವಾಗಿ ವಾದಿಸುತ್ತಾರೆ.

ಗಾದೆಗೆ ಬಳಕೆಯಲ್ಲಿರುವ ಅರ್ಥ ಉಪ್ಪಿನ ಋಣದ್ದು. ಅನ್ನ ಹಾಕಿದ ಧಣಿಗೆ ಆಳು ತಲೆಬಾಗಿಯೇ ಇರಬೇಕು, ಹೊರಡುವ ಮಾತು ಎತ್ತಬಾರದು ಎಂದು. ಧಣಿಗಳಿಗೆ ಅನುಕೂಲವಾದ ಅರ್ಥ ಇದು, ಅದಕ್ಕೇ ಇಷ್ಟು ಕಾಲ ಬಾಳಿದೆ. ಆದರೆ ಗಾದೆಯಲ್ಲಿ ಮನೆ ಬಿಟ್ಟು ಹೋಗಬೇಡ ಎಂಬ ಮಾತೇ ಇಲ್ಲ. ಇನ್ನು ಕೆಲವರು ಇದು ದುಡಿಮೆಯ ಮಾರುಕಟ್ಟೆ, ಹೆಚ್ಚು ಕೊಟ್ಟಲ್ಲಿಗೆ ಹೋಗುವುದು ಸಹಜ, ಇಲ್ಲಿ ಗಾದೆಗೇನು ಕೆಲಸ ಎನ್ನುತ್ತಾರೆ. ಮಾರುಕಟ್ಟೆಯಾದರೆ ಸರಕು ಯಾವುದು ಎಂದು ಅವರನ್ನು ಕೇಳಬೇಕು. ಅಲ್ಲಿ ಬಿಕರಿಯಾಗುತ್ತಿರುವುದು ಹದಿನೆಂಟರ ಹುಡುಗರ ಮೈಬಲ ಮತ್ತು ನಂಬಿಕೆ. ಹಣ ಎಂದರೆ ಹೆಣವೂ ಬಾಯಿ ಬಿಡುತ್ತದೆ ಎಂದು ನಿಟ್ಟುಸಿರು ಬಿಡುವ ಮೂರನೆಯವರಿಗೆ ಉತ್ತರ ಬೇಕಿಲ್ಲ. ದುರಾಸೆ ಎಲ್ಲ ಕಾಲಕ್ಕೂ ಇತ್ತು. ಈ ಹೊತ್ತಿನ ಈ ಘಟನೆಯನ್ನು ಅದು ವಿವರಿಸುವುದಿಲ್ಲ.

ನನ್ನ ಅರ್ಥ ಬೇರೆ. ಅದನ್ನು ಹೇಳಲು ಅಲ್ಲಿಯ ಪದ್ಧತಿಯೊಂದನ್ನು ತಿಳಿಸಬೇಕು. ನಾನು ಹೇಳುತ್ತಿರುವ ಫುಟ್‌ಬಾಲ್ ಮೊಟ್ಟೆಯಾಕಾರದ ಚೆಂಡನ್ನು ತಬ್ಬಿಕೊಂಡು ಓಡುವ, ಹೆಲ್ಮೆಟ್ ತೊಟ್ಟು ಒಬ್ಬರನ್ನೊಬ್ಬರು ಅಪ್ಪಳಿಸುವ ಆಟ. ಶನಿವಾರ ಬಂತೆಂದರೆ ಎಲ್‌ಎಸ್‌ಯುವಿನ ಟೈಗರ್ ಸ್ಟೇಡಿಯಂನಲ್ಲಿ ಒಂದು ಲಕ್ಷ ಜನ ಕೂರುತ್ತಾರೆ. ಆಡುವವರು ಮಾತ್ರ ಕಾಲೇಜು ಹುಡುಗರು. ಅವರನ್ನು ಹೈಸ್ಕೂಲಿನಿಂದಲೇ ಹುಡುಕಿ ಆರಿಸಿ ತರುವುದಕ್ಕೆ ರಿಕ್ರೂಟಿಂಗ್ ಎನ್ನುತ್ತಾರೆ. ಅದಕ್ಕಾಗಿ ಕೋಚ್ ಹುಡುಗನ ಮನೆಗೇ ಹೋಗುತ್ತಾನೆ. ಸೋಫಾದ ಮೇಲೆ ಕೂತು ಅಜ್ಜಿಯನ್ನು ಮಾತಾಡಿಸುತ್ತಾನೆ. ಅಮ್ಮ ಬೇಯಿಸಿದ್ದನ್ನು ಅವರ ಮೇಜಿನಲ್ಲೇ ಊಟ ಮಾಡುತ್ತಾನೆ. ನಿಮ್ಮ ಮಗನನ್ನು ನನ್ನ ಮಗನ ಹಾಗೆ ನೋಡಿಕೊಳ್ಳುತ್ತೇನೆ, ಡಿಗ್ರಿ ಮಾಡಿಸುತ್ತೇನೆ, ಗಂಡಸನ್ನಾಗಿ ಮಾಡಿ ವಾಪಸು ಕಳಿಸುತ್ತೇನೆ ಎನ್ನುತ್ತಾನೆ. ಈ ಮಾತು ನಂಬಿ ತಾಯಿ ಮಗನನ್ನು ಕಳಿಸಿಕೊಡುತ್ತಾಳೆ.

ಉಂಡ ಮನೆ ಅದು. ವಿಶ್ವವಿದ್ಯಾಲಯ ಸಂಬಳ ಕೊಡುವ ಕಚೇರಿ. ಅಲ್ಲಿ ಎರಡು ಕಡೆಯ ವಕೀಲರು ಕೂತು ಬರೆದ ಕರಾರು ಇರುತ್ತದೆ. ಕೋಚ್ ನಡುವೆ ಬಿಟ್ಟು ಹೋದರೆ ಇಷ್ಟು, ಇವರೇ ತೆಗೆದರೆ ಇಷ್ಟು ಎಂಬ ಬಯ್‌ಔಟ್ ಮೊತ್ತ ಮೊದಲೇ ನಮೂದಾಗಿರುತ್ತದೆ. ಆ ಹಣ ಕಟ್ಟಿದ ದಿನ ಆ ಲೆಕ್ಕ ಚುಕ್ತಾ. ಹುಡುಗನ ಮನೆಯ ಊಟಕ್ಕೆ ಬಯ್‌ಔಟ್ ಯಾವ ಕರಾರಿನಲ್ಲೂ ಇಲ್ಲ. ಆ ಮೇಜಿನ ಮುಂದೆ ಕೂತು, ಈ ಹುಡುಗನಿಂದ ಎಷ್ಟು ಗೆಲುವು, ಆ ಗೆಲುವಿನಿಂದ ಮುಂದೆ ಯಾವ ಊರಿನ ಯಾವ ಕೆಲಸ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುವುದಿದೆಯಲ್ಲ, ಗಾದೆ ಬೇಡವೆನ್ನುವುದು ಆ ಎಣಿಕೆಯನ್ನು.

ಕಿಫಿನ್ ಹೊರಟದ್ದು ನವೆಂಬರ್ 30ರಂದು. ಹೈಸ್ಕೂಲು ಹುಡುಗರು ತಾವು ಸೇರುವ ಕಾಲೇಜಿಗೆ ಸಹಿ ಹಾಕುವ ಅವಧಿ ಡಿಸೆಂಬರ್ 3ರಂದು ಶುರುವಾಗುವುದಿತ್ತು. ನಡುವೆ ಇದ್ದದ್ದು ಎರಡೇ ದಿನ. ವರ್ಷಗಟ್ಟಲೆ ಒಬ್ಬರ ಮಾತು ಕೇಳಿ ಮನಸ್ಸು ಗಟ್ಟಿಮಾಡಿಕೊಂಡ ಹುಡುಗ ಅಷ್ಟರಲ್ಲಿ ತನ್ನ ನಾಲ್ಕು ವರ್ಷದ ಭವಿಷ್ಯವನ್ನು ಮತ್ತೆ ತೂಗಿ ನೋಡಬೇಕಾಯಿತು. 2024ರವರೆಗೆ ಹುಡುಗರು ಸಹಿ ಹಾಕುತ್ತಿದ್ದ ‘ಲೆಟರ್ ಆಫ್ ಇಂಟೆಂಟ್’ ಎಂಬ ಪತ್ರದಲ್ಲಿ, ನೀನು ಸೇರುತ್ತಿರುವುದು ಸಂಸ್ಥೆಗೆ, ಕೋಚ್‌ಗಲ್ಲ ಎಂದು ಸ್ಪಷ್ಟವಾಗಿ ಬರೆದಿರುತ್ತಿತ್ತು. ಮನೆಗೆ ಬಂದು ಊಟಮಾಡಿ ಮಾತು ಕೊಟ್ಟವನು ಕೋಚ್, ಪತ್ರ ಕಟ್ಟಿಹಾಕಿದ್ದು ಸಂಸ್ಥೆಗೆ! ಆತ ಮರುವಾರವೇ ಹೋದರೂ ಹುಡುಗ ಸುಲಭವಾಗಿ ಹೋಗುವಂತಿರಲಿಲ್ಲ. ಈ ಅನ್ಯಾಯವನ್ನು ದಶಕಗಳ ಕಾಲ ಶಿಕ್ಷಣ ಸಂಸ್ಥೆಗಳೇ ನಡೆಸಿಕೊಂಡು ಬಂದವು.

ಇದು ಕಿಫಿನ್ ಒಬ್ಬರ ಕಥೆಯೂ ಅಲ್ಲ. ಎಲ್‌ಎಸ್‌ಯುನಲ್ಲಿ ಅವರಿಗಿಂತ ಮುಂಚೆ ಇದ್ದ ಬ್ರಯಾನ್ ಕೆಲ್ಲಿ 2009ರ ಡಿಸೆಂಬರ್‌ನಲ್ಲಿ ಸಿನ್ಸಿನಾಟಿ ತಂಡವನ್ನು ಬಿಟ್ಟಾಗ ಆ ತಂಡ ಹನ್ನೆರಡಕ್ಕೆ ಹನ್ನೆರಡು ಗೆದ್ದು, ಋತುವಿನ ಕೊನೆಯ ದೊಡ್ಡ ಪಂದ್ಯವಾದ ಶುಗರ್ ಬೌಲ್‌ಗೆ ಕಾದಿತ್ತು. ಕೆಲ್ಲಿ ಹೋದದ್ದು ನೋಟರ್ ಡೇಮ್‌ಗೆ. 2021ರಲ್ಲಿ ನೋಟರ್ ಡೇಮ್ ಹನ್ನೊಂದು ಗೆದ್ದು, ಪ್ಲೇಆಫ್‌ನ ಆಸೆ ಇನ್ನೂ ಜೀವಂತವಾಗಿದ್ದಾಗ, ಅದನ್ನೂ ಬಿಟ್ಟು ಎಲ್‌ಎಸ್‌ಯುಗೆ ಹೋದರು. ಹತ್ತು ವರ್ಷಕ್ಕೆ 9 ಕೋಟಿ 50 ಲಕ್ಷ ಡಾಲರಿನ ಕರಾರು. ಹುಡುಗರಿಗೆ ರಾತ್ರಿ ಒಂದು ಮೊಬೈಲ್ ಸಂದೇಶ ಬಂತು, ಮರುದಿನ ಬೆಳಗ್ಗೆ ಏಳಕ್ಕೆ ಕೆಲವೇ ನಿಮಿಷದ ಸಭೆ ನಡೆಯಿತು. ಹನ್ನೆರಡು ವರ್ಷ ಕೂತ ಕುರ್ಚಿಯಿಂದ ಏಳಲು ಅಷ್ಟು ಹೊತ್ತು ಸಾಕಾಯಿತು.

ಬೀದಿಯಲ್ಲಿ ನಿಂತು ನಿಷ್ಠೆ ನಿಷ್ಠೆ ಎಂದು ಕೂಗುವ ವಿಶ್ವವಿದ್ಯಾಲಯಗಳ ವಿಷಯಕ್ಕೂ ಬರುತ್ತೇನೆ. 2010ರ ಜನವರಿಯಲ್ಲಿ ಕಿಫಿನ್ ಒಂದೇ ಋತು ನಡೆಸಿ ಟೆನೆಸ್ಸೀ ವಿಶ್ವವಿದ್ಯಾಲಯ ಬಿಟ್ಟಾಗ ಅದಿರುವ ನಾಕ್ಸ್‌ವಿಲ್‌ನ ವಿದ್ಯಾರ್ಥಿಗಳು ರಾತ್ರಿಯೇ ಬೀದಿಗಿಳಿದು ಹಾಸಿಗೆ ಸುಟ್ಟರು. ಕಿಫಿನ್ ಅವರಿಗೆ ಜಾಗ ಮಾಡಿಕೊಡಲು ಟೆನೆಸ್ಸೀ ಹೊರದಬ್ಬಿದ್ದು ಯಾರನ್ನು? ಫಿಲಿಪ್ ಫುಲ್ಮರ್ ಅವರನ್ನು. ಅದೇ ತಂಡದಲ್ಲಿ ಆಡಿ ಬೆಳೆದವರು, ಅದೇ ತಂಡಕ್ಕೆ 1998ರ ರಾಷ್ಟ್ರೀಯ ಪ್ರಶಸ್ತಿ ತಂದವರು. ಎಲ್‌ಎಸ್‌ಯು ಕೂಡ ಹೀಗೆಯೇ. ಲೂಯಿಸಿಯಾನಾದ ಮಣ್ಣಿನಲ್ಲೇ ಹುಟ್ಟಿ ಬೆಳೆದ ಎಡ್ ಓರ್ಜರಾನ್ ಒಂದೂ ಆಟ ಸೋಲದೆ ಹದಿನೈದನ್ನೂ ಗೆದ್ದು 2020ರ ಜನವರಿಯಲ್ಲಿ ಪ್ರಶಸ್ತಿ ತಂದುಕೊಟ್ಟರು. 2021ರ ಅಕ್ಟೋಬರ್‌ನಲ್ಲಿ ಅವರಿಗೆ ಬಾಗಿಲು ತೋರಿಸಿದರು. ನಾಲ್ಕು ವರ್ಷ ಕಳೆದು 2025ರ ಅಕ್ಟೋಬರ್‌ನಲ್ಲಿ ಕೆಲ್ಲಿಯವರನ್ನೂ ತೆಗೆದರು. ಹಾಗೆ ತೆಗೆದದ್ದಕ್ಕೆ ಕೊಡಬೇಕಾದ ಬಯ್‌ಔಟ್ ಸುಮಾರು 5 ಕೋಟಿ 40 ಲಕ್ಷ ಡಾಲರ್. ಟೆಕ್ಸಸ್ ಎ ಅಂಡ್ ಎಂ 2023ರಲ್ಲಿ ಜಿಂಬೊ ಫಿಶರ್ ಅವರನ್ನು ಕೆಲಸದಿಂದ ಬಿಡಿಸಲು ಒಪ್ಪಿಕೊಂಡದ್ದು 7 ಕೋಟಿ 50 ಲಕ್ಷಕ್ಕೂ ಹೆಚ್ಚು. ಫಿಶರ್ ಅವರನ್ನು ಅಲ್ಲಿಗೆ ಕರೆತಂದ ಕ್ರೀಡಾ ನಿರ್ದೇಶಕ ಸ್ಕಾಟ್ ವುಡ್‌ವರ್ಡ್ ಅವರೇ ಮುಂದೆ ಎಲ್‌ಎಸ್‌ಯುಗೆ ಬಂದು ಕೆಲ್ಲಿಯವರನ್ನೂ ಕರೆತಂದವರು. ರಾಜ್ಯಪಾಲ ಜೆಫ್ ಲ್ಯಾಂಡ್ರಿ ಬಹಿರಂಗವಾಗಿ ರೇಗಿದ ಮೇಲೆ ವುಡ್‌ವರ್ಡ್ ಅವರೂ ಹೊರಬಿದ್ದರು. ಅದಾಗಿ ಒಂದು ತಿಂಗಳ ಹೊತ್ತಿಗೆ ಅದೇ ಸಂಸ್ಥೆ ಕಿಫಿನ್ ಜೊತೆ 9 ಕೋಟಿ ಡಾಲರಿನಷ್ಟು ದೊಡ್ಡ ಕರಾರು ಮಾಡಿಕೊಂಡಿತು.

ಪಾಠ ಹೇಳುವ ಸಂಸ್ಥೆಯಲ್ಲಿ ಇಷ್ಟು ಹಣ ಹುಟ್ಟಿದ್ದು ಟಿವಿ ಹಕ್ಕಿನಿಂದ, ಟಿಕೆಟ್ಟಿನಿಂದ, ಹಳೆಯ ವಿದ್ಯಾರ್ಥಿಗಳ ದೇಣಿಗೆಯಿಂದ. ಅದು ಕೋಚ್‌ಗಳ ಕೈಯಲ್ಲಿ ಗುಡ್ಡೆಬಿದ್ದದ್ದು ಆಡುವ ಹುಡುಗನಿಗೆ ಕೊಡಕೂಡದೆಂಬ ಕಟ್ಟಳೆಯಿಂದ. ಹವ್ಯಾಸಿ ಎಂಬ ಪವಿತ್ರ ಹೆಸರಿನಲ್ಲಿ ಹುಡುಗನಿಗೆ ಫೀಸು, ಊಟ, ವಸತಿ ಬಿಟ್ಟು ಬೇರೇನೂ ಸಿಗದಂತೆ, ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಕಾವಲು ಕಾಯಿತು. ಕಾಲೇಜು ಬದಲಾಯಿಸಿದರೆ ಒಂದು ವರ್ಷ ಆಡದೆ ಕೂರಬೇಕೆಂದು ಹೇಳಿತು. ಕೋಚ್‌ಗೆ ಇಂಥ ಯಾವ ಶಿಕ್ಷೆಯೂ ಇರಲಿಲ್ಲ. 2021ರಲ್ಲಿ ಆ ಒಂದು ವರ್ಷದ ನಿಯಮ ಸಡಿಲಾಯಿತು. ಅದೇ ವರ್ಷದ ಜುಲೈಯಿಂದ ಹುಡುಗರು ತಮ್ಮ ಹೆಸರಿನ ಜಾಹೀರಾತಿನಿಂದ ಸಂಪಾದಿಸಬಹುದೆಂದಾಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಒಡಂಬಡಿಕೆಯ ನಂತರ ವಿಶ್ವವಿದ್ಯಾಲಯಗಳೇ ಎಲ್ಲ ಆಟಗಳ ಆಟಗಾರರಿಗೂ ಸೇರಿ ಮೊದಲ ವರ್ಷದಲ್ಲಿ 2 ಕೋಟಿ 5 ಲಕ್ಷ ಡಾಲರಿನವರೆಗೆ ನೇರವಾಗಿ ಹಂಚಬಹುದೆಂದಾಯಿತು.

ಈಗ ಹುಡುಗರಿಗೂ ನಿಷ್ಠೆ ಇಲ್ಲವಾಯಿತು, ಅವರೂ ಹಣ ಕಂಡಲ್ಲಿಗೆ ಓಡುತ್ತಾರೆ ಎಂಬ ಗೊಣಗಾಟ ಎಲ್ಲ ಕಡೆ ಕೇಳುತ್ತಿದೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮೊಣಕಾಲಿನ ಒಂದು ಅಸ್ಥಿರಜ್ಜು ಹರಿದರೆ ಆ ಹುಡುಗನ ಸಂಪಾದನೆಯ ಕಾಲ ಅಲ್ಲಿಗೇ ಮುಗಿಯಬಹುದು. ಅವನಿಗೆ ಕೈಯಲ್ಲಿರುವುದು ನಾಲ್ಕೈದು ಋತು. ಕೋಚ್‌ಗೆ ನಲವತ್ತು ವರ್ಷವಿದೆ, ತೆಗೆದುಹಾಕಿದರೂ ಕೋಟಿಗಳು ಬರುತ್ತವೆ. ಹಿರಿಯರು ಯಾವ ಅಳತೆಗೋಲಿಗೆ ಎಂದೂ ನಿಲ್ಲಲಿಲ್ಲವೋ ಅದರಿಂದ ಮಕ್ಕಳನ್ನು ಅಳೆಯುವುದು ಅಧರ್ಮ.

ಹಾಗಾದರೆ ಎಣಿಸದೆ ಉಂಡವರು ಯಾರೂ ಇಲ್ಲವೇ? ಎಲ್‌ಎಸ್‌ಯು ಇರುವ ಬ್ಯಾಟನ್ ರೂಜ್ ಊರಿನಲ್ಲೇ ಬೆಳೆದ ಒಬ್ಬರಿದ್ದರು, ಎಡ್ಡಿ ರಾಬಿನ್‌ಸನ್. ಅವರು ಕಪ್ಪು ಜನಾಂಗದವರು, ಅವರು ಓದುವ ಕಾಲಕ್ಕೆ ಎಲ್‌ಎಸ್‌ಯು ಬಿಳಿಯರಿಗಷ್ಟೇ ತೆರೆದಿತ್ತು. 1941ರಲ್ಲಿ ಅದೇ ರಾಜ್ಯದ ಉತ್ತರ ಭಾಗದ ಗ್ರ್ಯಾಂಬ್ಲಿಂಗ್‌ನಲ್ಲಿ, ಕಪ್ಪು ಮಕ್ಕಳ ಚಿಕ್ಕ ಕಾಲೇಜಿನಲ್ಲಿ, ತಿಂಗಳಿಗೆ 63 ಡಾಲರ್ 75 ಸೆಂಟಿನ ಸಂಬಳಕ್ಕೆ ಕೋಚ್ ಆಗಿ ಸೇರಿದರು. 1997ರವರೆಗೆ ಅಲ್ಲೇ ಇದ್ದರು. 408 ಗೆಲುವು. ಅವರ ಕೈಕೆಳಗೆ ಆಡಿದ ಇನ್ನೂರಕ್ಕೂ ಹೆಚ್ಚು ಹುಡುಗರು ವೃತ್ತಿಪರ ಲೀಗಿಗೆ ಹೋದರು. ಮೊದಮೊದಲು ಮೈದಾನದ ಹುಲ್ಲು ಕತ್ತರಿಸುವುದು, ಗೆರೆ ಎಳೆಯುವುದು, ಹುಡುಗರ ಕಾಲಿಗೆ ಪಟ್ಟಿ ಸುತ್ತುವುದು ಎಲ್ಲವೂ ಅವರದೇ ಕೆಲಸ. ಪಂದ್ಯಕ್ಕೆ ಬಸ್ಸಿನಲ್ಲಿ ಹೊರಟರೆ ದಾರಿಯ ಹೋಟೆಲುಗಳು ಕಪ್ಪು ಹುಡುಗರಿಗೆ ಊಟ ಕೊಡುತ್ತಿರಲಿಲ್ಲ. ರಾಬಿನ್‌ಸನ್ ತಂಡಕ್ಕೆಲ್ಲ ತಾವೇ ಸ್ಯಾಂಡ್‌ವಿಚ್ ಮಾಡಿ ಹಂಚುತ್ತಿದ್ದರು.

ಅವರಿಗೆ ಹೋಗಲು ಬೇರೆ ಜಾಗವೇ ಇರಲಿಲ್ಲವಲ್ಲ ಎಂದು ಯಾರಾದರೂ ಹೇಳಬಹುದು. ಬಹುಮಟ್ಟಿಗೆ ನಿಜ. ಓಲ್ ಮಿಸ್, ಎಲ್‌ಎಸ್‌ಯು, ಟೆನೆಸ್ಸೀ ಇರುವ ಆಗ್ನೇಯ ಒಕ್ಕೂಟದಲ್ಲಿ ಮೊದಲ ಕಪ್ಪು ಮುಖ್ಯ ಕೋಚ್ ತಂಡ ನಡೆಸಿದ್ದು 2004ರಲ್ಲಿ. ಹಾಗಾಗಿ ಐವತ್ತಾರು ವರ್ಷ ಒಂದೇ ಕಡೆ ಇದ್ದರೆಂಬುದನ್ನೇ ಹಿಡಿದು ರಾಬಿನ್‌ಸನ್ ಅವರನ್ನು ಹೊಗಳುವುದು ಅರೆಬರೆ ಹೊಗಳಿಕೆ. ನನಗೆ ದೊಡ್ಡದಾಗಿ ಕಾಣುವುದು ಆ ಸ್ಯಾಂಡ್‌ವಿಚ್. ತಾಯಂದಿರ ಮನೆಯಲ್ಲಿ ಕೊಟ್ಟ ಮಾತನ್ನು ಅವರು ದಾರಿಯಲ್ಲಿ, ಹಸಿವಾದ ಹೊತ್ತಿನಲ್ಲಿ ನಡೆಸಿಕೊಟ್ಟರು. ಐದೇ ವರ್ಷ ಇದ್ದು ಹೊರಟಿದ್ದರೂ ಅವರು ಎಣಿಸದೆ ಉಂಡವರೇ ಆಗಿರುತ್ತಿದ್ದರು.

ಹೊರಡುವುದರಲ್ಲಿ ಪಾಪವಿಲ್ಲ ಎಂಬುದಕ್ಕೆ ಇತ್ತೀಚಿನ ಉದಾಹರಣೆಯೂ ಇದೆ. 2022ರ ಡಿಸೆಂಬರ್‌ನಲ್ಲಿ ಕೋಚ್ ಡಿಯಾನ್ ಸ್ಯಾಂಡರ್ಸ್ ಜಾಕ್ಸನ್ ಸ್ಟೇಟ್ ಬಿಟ್ಟು ಕೊಲರಾಡೊಗೆ ಹೊರಟರು. ತಮ್ಮ ಒಕ್ಕೂಟದ ಅಂತಿಮ ಪಂದ್ಯ ಗೆದ್ದ ಮೇಲೆ ಹುಡುಗರಿಗೆ ಮುಖಾಮುಖಿಯಾಗಿಯೇ ತಿಳಿಸಿದರು, ಉಳಿದಿದ್ದ ಕೊನೆಯ ಬೌಲ್ ಪಂದ್ಯಕ್ಕೂ ಬಂದು ನಿಂತರು. ಜನ ಬೈದದ್ದು ಸುಳ್ಳಲ್ಲ, ಆದರೆ ಊಟದ ನಡುವೆ ಎದ್ದು ಹೋದರೆಂದು ಅವರ ಬಗ್ಗೆ ಯಾರೂ ಹೇಳುವಂತಿಲ್ಲ.

ಕಿಫಿನ್ ಅವರಿಗೆ ಈ ದಾರಿ ಸಿಗದಿರಲು ವಿಶ್ವವಿದ್ಯಾಲಯದ ನಿರಾಕರಣೆಯ ಜೊತೆಗೆ ಕ್ಯಾಲೆಂಡರ್ ಕೂಡ ಕಾರಣ. ಹಿಂದೆ ಹೈಸ್ಕೂಲು ಹುಡುಗರ ಸಹಿ ಫೆಬ್ರವರಿಯಲ್ಲಿ ನಡೆಯುತ್ತಿತ್ತು. 2017ರಲ್ಲಿ ಡಿಸೆಂಬರ್‌ಗೂ ಒಂದು ಅವಧಿ ತಂದರು. ಈಗ ಬಹುಪಾಲು ಸಹಿ ಆಗುವುದು ಡಿಸೆಂಬರ್‌ನಲ್ಲೇ. 2024ರಲ್ಲಿ ಪ್ಲೇಆಫ್ ಹನ್ನೆರಡು ತಂಡಕ್ಕೆ ಹಿಗ್ಗಿ ಜನವರಿಯ ಮೂರನೇ ವಾರದವರೆಗೆ ಎಳೆಯಿತು. ಕೋಚ್ ಇಲ್ಲದ ಸಂಸ್ಥೆ ಜನವರಿವರೆಗೆ ಕಾದರೆ ಒಂದು ವರ್ಷದ ಹುಡುಗರೇ ಕೈತಪ್ಪುತ್ತಾರೆ, ಹಾಗಾಗಿ ನವೆಂಬರ್‌ನಲ್ಲೇ ಬಲೆ ಬೀಸುತ್ತದೆ. ಬಲೆಗೆ ಬೀಳುವುದು ಗೆಲ್ಲುತ್ತಿರುವ ಕೋಚ್, ಅಂದರೆ ಇನ್ನೂ ಆಟ ಉಳಿದಿರುವ ತಂಡದ ಕೋಚ್. ಈ ದಿನಾಂಕಗಳನ್ನು ಬರೆದವರು ವಿಶ್ವವಿದ್ಯಾಲಯಗಳ ಮುಖ್ಯಸ್ಥರು ಮತ್ತು ಒಕ್ಕೂಟಗಳ ಆಯುಕ್ತರು. ಸಹಿಯ ಅವಧಿಯನ್ನು ಫೆಬ್ರವರಿಗೆ ಮರಳಿಸಲು ಅವರ ಒಂದು ಸಭೆ ಸಾಕು.

ಓಲ್ ಮಿಸ್ ಹುಡುಗರು ಸಹಾಯಕ ಕೋಚ್ ಆಗಿದ್ದ ಪೀಟ್ ಗೋಲ್ಡಿಂಗ್ ಅವರ ಕೈಕೆಳಗೆ ಮೊದಲು ಟುಲೇನ್ ತಂಡವನ್ನು ಸೋಲಿಸಿದರು. ಹೊಸ ವರ್ಷದ ದಿನ ಎಲ್‌ಎಸ್‌ಯುವಿನದೇ ರಾಜ್ಯದ ನ್ಯೂ ಆರ್ಲಿಯನ್ಸ್‌ನಲ್ಲಿ, ಶುಗರ್ ಬೌಲ್‌ನಲ್ಲಿ, ಜಾರ್ಜಿಯಾವನ್ನು 39-34ರಿಂದ ಮಣಿಸಿದರು. ಸೆಮಿಫೈನಲ್‌ನಲ್ಲಿ ಮಯಾಮಿಯ ಎದುರು ನಾಲ್ಕು ಅಂಕದಿಂದ ಸೋತರು. ಆ ಹುಡುಗರ ಮನೆಗಳಲ್ಲಿ ಉಂಡ ಕೋಚ್ ಈ ಮೂರೂ ಆಟಗಳಲ್ಲಿ ಅವರ ಪಕ್ಕದಲ್ಲಿರಲಿಲ್ಲ.

ಕೋಚ್ ಹೊರಟಾಗ ಕಟ್ಟುವ ಬಯ್‌ಔಟ್ ಈಗ ಸೇರುವುದು ವಿಶ್ವವಿದ್ಯಾಲಯದ ಕ್ರೀಡಾ ಇಲಾಖೆಗೆ. ಹೊಸ ಕೋಚನ್ನು ಎಳೆದು ತರುವುದೂ ಅದೇ ಇಲಾಖೆಯ ದುಡ್ಡಿನಲ್ಲಿ. ಆ ಮೊತ್ತದ ಅರ್ಧವನ್ನಾದರೂ, ಆ ಕೋಚ್‌ನ ಮಾತಿಗೆ ಸಹಿ ಹಾಕಿ ಇನ್ನೂ ತಂಡದಲ್ಲಿರುವ ಹುಡುಗರಿಗೆ ಹಂಚಬೇಕೆಂದು ಮುಂದಿನ ಕರಾರುಗಳಲ್ಲೇ ಬರೆಯಬೇಕು. ಹೊರಡುವ ಕೋಚ್ ಸುದ್ದಿ ಟಿವಿಗೆ ಹೋಗುವ ಮುನ್ನ ಆ ಮನೆಗಳಿಗೆ ಒಂದೊಂದಾಗಿ ತಾನೇ ಫೋನ್ ಮಾಡಿ ಹೇಳಬೇಕೆಂಬ ಸಾಲನ್ನೂ ಅದರಲ್ಲಿ ಸೇರಿಸಬೇಕು.