ಪಂಕ್ತಿಭೇದ

ಬಡಿಸುವವನು ನಮ್ಮವನಾದರೆ ಪಂಕ್ತಿಯ ಕೊನೆಯಲ್ಲಿ ಕುಳಿತರೂ ಚಿಂತೆಯಿಲ್ಲವೆಂಬ ಮಾತು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ವಾಚಕರೇ, ಅದನ್ನು ಕೇಳಿ ನಾವೆಲ್ಲ ನಗುತ್ತೇವೆ. ಎಲೆ ಬರಿದಾಗಿಯೇ ಉಳಿದವನು ಹೇಗೆ ನಕ್ಕಾನು? ಕಾರ್ಖಾನೆಯಲ್ಲಿ ಕೆಲಸ ಕಡಿಮೆಯಾಯಿತೆಂದು ಹತ್ತು ವರ್ಷ ದುಡಿದವನನ್ನು ಮನೆಗೆ ಕಳುಹಿಸಿ, ನಿನ್ನೆ ಮೊನ್ನೆ ಸೇರಿದ ಮೇಲಧಿಕಾರಿಯ ಆಪ್ತನನ್ನು ಉಳಿಸಿಕೊಂಡರೆ ಅದೂ ಪಂಕ್ತಿಭೇದವೇ. ಅಂಥವನು ಸಹಿಸಿಕೊಳ್ಳುವುದು ಧರ್ಮವೋ, ಪ್ರಶ್ನಿಸುವುದು ಧರ್ಮವೋ?

ತನ್ನವರಲ್ಲಿ ಪ್ರೀತಿಯಿರುವುದು ಮನುಷ್ಯಸಹಜವಾದುದು, ಅದು ದೋಷವಲ್ಲ. ಆದರೆ ಸೌಟು ಹಿಡಿದವನ ಪಾತ್ರೆಯಲ್ಲಿರುವ ಅನ್ನವು ಪಂಕ್ತಿಯವರೆಲ್ಲರ ಪಾಲು. ತನ್ನ ಮನೆಯಿಂದ ತಂದು ಕೊಟ್ಟರೆ ಔದಾರ್ಯವೆನಿಸುವ ಕಾರ್ಯವೇ ಪರರ ಪಾಲಿನಿಂದ ಕೊಟ್ಟಾಗ ಅಪಹಾರವಾಗುತ್ತದೆ.

ನಮ್ಮ ದೇಶದ ಕಾನೂನು ಈ ದೌರ್ಬಲ್ಯವನ್ನು ಬಲ್ಲದು. ಒಂದೇ ವರ್ಗದ ಕೆಲಸಗಾರರಲ್ಲಿ ಕೊನೆಗೆ ಬಂದವನು ಸಾಮಾನ್ಯವಾಗಿ ಮೊದಲು ಹೋಗಬೇಕೆಂಬ ನಿಯಮವು 1947ರ ಕೈಗಾರಿಕಾ ವಿವಾದಗಳ ಕಾಯಿದೆಗೆ 1953ರಲ್ಲಿ ಸೇರಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಈ ಕ್ರಮವನ್ನು ಮೀರುವ ಮಾಲೀಕನು ಕಾರಣವನ್ನು ಬರೆದಿಡಬೇಕು. ವರ್ಷ ತುಂಬ ಸತತವಾಗಿ ದುಡಿದವನಿಗೆ ಕನಿಷ್ಠ ಒಂದು ತಿಂಗಳ ಲಿಖಿತ ನೋಟೀಸು ಇಲ್ಲವೆ ಆ ಅವಧಿಯ ಸಂಬಳ, ಜೊತೆಗೆ ಪೂರೈಸಿದ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನ ಸಲ್ಲಬೇಕು. ಒಂದು ವರ್ಷದೊಳಗೆ ಮತ್ತೆ ಜನರನ್ನು ನೇಮಿಸಿಕೊಂಡರೆ, ಹೊರಹೋದವರಿಗೇ ಮೊದಲ ಅವಕಾಶ. ಯೋಗ್ಯತೆಯನ್ನು ಲೆಕ್ಕಿಸದೆ ಒಂದು ಗುಂಪಿಗೆ ಪಕ್ಷಪಾತ ತೋರುವುದನ್ನು ಸಂಹಿತೆಯು ಅನುಚಿತ ಪದ್ಧತಿಗಳ ಪಟ್ಟಿಯಲ್ಲಿ ಸ್ಪಷ್ಟವಾಗಿ ಸೇರಿಸಿದೆ. ನೊಂದವನು ಸಂಧಾನಾಧಿಕಾರಿಗೆ ಅರ್ಜಿ ಸಲ್ಲಿಸಿ, 45 ದಿನಗಳು ಕಳೆದ ಮೇಲೆ ತಾನೇ ನೇರವಾಗಿ ನ್ಯಾಯಾಧಿಕರಣದ ಮೊರೆಹೋಗಬಹುದು. ಕೆಲಸ ಹೋದ ದಿನದಿಂದ ಎರಡು ವರ್ಷ ಮೀರಬಾರದು. ಆದರೆ ವ್ಯವಸ್ಥಾಪಕ ಹುದ್ದೆಯಲ್ಲಿದ್ದವರಿಗೆ ಈ ದಾರಿಯಿಲ್ಲ. ಅವರು ತಮ್ಮ ನೇಮಕದ ಕರಾರನ್ನೇ ಆಧರಿಸಬೇಕು.

ಆದುದರಿಂದ ಪ್ರಶ್ನಿಸುವುದು ಅಧರ್ಮವಲ್ಲ. ಆದರೂ ಸಂಶಯವನ್ನು ಸತ್ಯವೆಂದು ಬಗೆಯುವ ಮುನ್ನ ಸೇವಾ ಹಿರಿತನದ ಪಟ್ಟಿಯನ್ನು ನೋಡಬೇಕು. ನೇಮಕದ ಆದೇಶ, ಸಂಬಳದ ಚೀಟಿ, ನೋಟೀಸುಗಳನ್ನು ಕೂಡಿಸಿಡಬೇಕು. ಉಳಿದವನಿಗೆ ನಿಜವಾಗಿಯೂ ಬೇರೆಯ ಕುಶಲತೆಯಿದೆಯೇ ಎಂದು ಪ್ರಾಮಾಣಿಕವಾಗಿ ವಿಚಾರಿಸಬೇಕು. ಉಳಿದುಕೊಂಡ ಸಂಗಡಿಗನನ್ನು ದ್ವೇಷಿಸುವುದು ಸಲ್ಲದು. ಅನ್ನ ತನ್ನ ಎಲೆಗೆ ಬಿದ್ದುದಕ್ಕೆ ಅವನು ಹೊಣೆಯಲ್ಲ. ಇನ್ನೊಂದು ಕಠಿಣವಾದ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು: ಬಡಿಸುವವನು ನನ್ನವನೇ ಆಗಿದ್ದರೆ ನಾನು ಈ ಕ್ರಮವನ್ನು ಖಂಡಿಸುತ್ತಿದ್ದೆನೇ? ಹೌದೆನ್ನಬಲ್ಲವನ ಹೋರಾಟವು ಸ್ವಾರ್ಥವನ್ನು ದಾಟಿ ನಾಳೆ ಅದೇ ಪಂಕ್ತಿಯಲ್ಲಿ ಕುಳಿತುಕೊಳ್ಳುವವರಿಗೂ ರಕ್ಷೆಯಾಗುತ್ತದೆ.

ವಾಚಕರೇ, ನಮ್ಮಲ್ಲಿ ಬಹುತೇಕರ ಕೈಯಲ್ಲಿಯೂ ಸಣ್ಣದೋ ದೊಡ್ಡದೋ ಒಂದು ಸೌಟು ಇದ್ದೇ ಇದೆ. ಅಂಗಡಿಯಲ್ಲಿ, ಕಛೇರಿಯಲ್ಲಿ, ಶಾಲೆಯಲ್ಲಿ ನಾವು ಅದನ್ನು ಯಾರ ಕಡೆಗೆ ಬಾಗಿಸುತ್ತಿದ್ದೇವೆಂಬುದನ್ನು ನ್ಯಾಯಾಧಿಕರಣವು ಕೇಳುವ ಮೊದಲು ನಾವೇ ಕೇಳಿಕೊಳ್ಳುವುದು ಲೇಸು.